ತಪ್ಪಿಲ್ಲದ ಎಣ್ಣೆ ಬಟ್ಟಲು

"ಇನ್ನೊಂದು ವಾಪಸ್ ಬಂದ್ರೆ ನಿನ್ನನ್ನ ಪ್ಯಾಕಿಂಗ್‌ಗೆ ಹಾಕ್ಬೇಕಾಗುತ್ತಮ್ಮಾ," ಎಂದರು ವರ್ಕ್‌ಶಾಪಿನ ಯಜಮಾನರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಸಿಟ್ಟಾದರೆ ಸಂಜೆಯೊಳಗೆ ಇಳಿಯುತ್ತದೆ. ಹಾಗೆ ಮೆತ್ತಗೆ ಆಡಿದ ಮಾತು ಇಳಿಯುವುದಿಲ್ಲ.

ವಾಪಸ್ ಬಂದ ಎಣ್ಣೆ ಬಟ್ಟಲು ನನ್ನ ಮೇಜಿನ ಮೇಲೆ ಏನೂ ಅರಿಯದ ಮಗುವಿನ ಹಾಗೆ ಕೂತಿತ್ತು. ಹಿತ್ತಾಳೆಯ ತಳ, ಗಾಜಿನ ಮೈ, ನಡುವೆ ಒಂದು ಸೂಜಿ. ತಲೆಯ ಮೇಲಿನ ನಟ್ಟನ್ನು ಸ್ವಲ್ಪ ತಿರುಗಿಸಿದರೆ ಸೂಜಿ ಏಳುತ್ತದೆ, ಎಣ್ಣೆ ಹನಿಯಾಗಿ ಇಳಿಯುತ್ತದೆ. ಕೆಳಗೊಂದು ಪುಟ್ಟ ಗಾಜಿನ ಕಿಟಕಿ. ಅದರೊಳಗೆ ಹನಿ ಹುಟ್ಟುವುದು, ತೂಗುವುದು, ಬೀಳುವುದು ಕಾಣುತ್ತದೆ. ದೊಡ್ಡ ಯಂತ್ರಗಳ ಬೇರಿಂಗಿನ ಮೇಲೆ ಇದನ್ನು ಕೂರಿಸುತ್ತಾರೆ. ಹನಿ ತಡವಾದರೆ ಬೇರಿಂಗ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಅವಸರಪಟ್ಟರೆ ಎಣ್ಣೆ ಚೆಲ್ಲಿ ಮಾಲು ಹಾಳಾಗುತ್ತದೆ. ಸರಿಯಾದ ಹನಿಯನ್ನು ಹಿಡಿದು, ನಟ್ ಅಲ್ಲಿಂದ ಅಲುಗದಂತೆ ಬಿಗಿದು ಕಳಿಸುವುದು ನನ್ನ ಕೆಲಸ.

ನಾನು ಶಾಲೆ ಬೇಗ ಬಿಟ್ಟವಳು. ಎದ್ದು ನಿಂತು ಉತ್ತರ ಹೇಳು ಎಂದರೆ ನಾಲಿಗೆ ಹೊರಳುತ್ತಿರಲಿಲ್ಲ. ಗೊತ್ತಿದ್ದದ್ದೂ ಗಂಟಲಲ್ಲೇ ಉಳಿಯುತ್ತಿತ್ತು. ಇಲ್ಲಿ ಯಾರೂ ಎದ್ದು ನಿಲ್ಲು ಅನ್ನುವುದಿಲ್ಲ. ಬೆಳಕು ಬೀಳುವ ಕಡೆ ಕೂತು ನೋಡಬೇಕು, ಅಷ್ಟೇ. ನನಗೆ ಬರುವುದು ಅದೊಂದೇ.

"ಹುಡುಗಿ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ನೋಡ್ತಾಳೆ ಸ್ವಾಮೀ," ಎಂದಳು ಪಕ್ಕದ ಮೇಜಿನ ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ, ನನ್ನನ್ನು ಇಲ್ಲಿಗೆ ಕರೆತಂದವಳು. "ಎದುರುಗಡೆ ಕಾಗದದ ಮಿಲ್ಲಿನವರದೇ ಏನೋ ಕಿತಾಪತಿ ಇರ್ಬೇಕು."

"ನಿನ್ನ ಗ್ರೀಸ್ ಕಪ್ಪೂ ಅದೇ ಮಿಲ್ಲಿಗೆ ಹೋಗುತ್ತೆ," ಎಂದರು ಯಜಮಾನರು. "ಅದು ಯಾಕೆ ವಾಪಸ್ ಬರಲ್ಲ? ಇವಳದ್ದೇ ಯಾಕೆ ಬರುತ್ತೆ?"

ಅತ್ತೆ ತಲೆ ತಗ್ಗಿಸಿ ತನ್ನ ಗ್ರೀಸ್ ಕಪ್ಪಿನ ಮುಚ್ಚಳ ಒರೆಸತೊಡಗಿದಳು.  

ಬಟ್ಟಲುಗಳನ್ನು ವಾಪಸ್ ತರುತ್ತಿದ್ದವನು ಮಿಲ್ಲಿನ ಎಣ್ಣೆಯವನು. ಉದ್ದ ಮೂತಿಯ ಕ್ಯಾನ್ ಹಿಡಿದು ಯಂತ್ರದಿಂದ ಯಂತ್ರಕ್ಕೆ ಓಡಾಡುವುದು ಅವನ ಕೆಲಸ. ಅವನ ಮುಖಕ್ಕಿಂತ ಅವನ ಕೈ ನನಗೆ ಹೆಚ್ಚು ಪರಿಚಯ. ಯಾಕೆಂದರೆ ನಾನು ತಲೆ ಎತ್ತುತ್ತಿರಲಿಲ್ಲ. ಉದ್ದನೆಯ ಬೆರಳು, ಎಷ್ಟು ತೊಳೆದರೂ ಗೆರೆಗಳಲ್ಲಿ ಉಳಿದುಬಿಡುವ ಕಪ್ಪು. ಬಟ್ಟಲನ್ನು ಮೇಜಿನ ಮೇಲಿಡುವಾಗ ಆ ಕೈ ಸದ್ದು ಮಾಡುತ್ತಿರಲಿಲ್ಲ. ನಿದ್ದೆ ಹೋದ ಕೂಸನ್ನು ಹಾಸಿಗೆಗೆ ಇಳಿಸಿದಷ್ಟು ಮೆಲ್ಲಗೆ ಇಡುತ್ತಿತ್ತು.

"ಹನಿ ಸ್ವಲ್ಪ ಜೋರಾಗಿ ಬೀಳ್ತಿದೆ," ಎನ್ನುತ್ತಿದ್ದ.

"ಹ್ಞೂಂ."

"ನೀವೇ ಒಂದ್ಸಲ ನೋಡಿದ್ರೆ ಒಳ್ಳೇದು."

"ಹ್ಞೂಂ."

"ಕಾಯ್ಲಾ?"

"ಹ್ಞೂಂ."

"ಅವಳ ಹತ್ರ ಇನ್ನೊಂದು ಪದಾನೂ ಇದೆಯಪ್ಪಾ," ಎನ್ನುತ್ತಿದ್ದಳು ಅತ್ತೆ. "ಊಹ್ಞೂಂ."

ಅವನು ನಗುತ್ತ ಹೋಗಿ ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದ. ನಾನು ಬಗ್ಗಿ ಗಾಜಿನ ಕಿಟಕಿಗೆ ಕಣ್ಣಿಡುತ್ತಿದ್ದೆ. ತೂಗುವ ಹನಿಯನ್ನು ಹತ್ತಿರದಿಂದ ನೋಡಿದರೆ ಅದರ ಹಿಂದಿನದೆಲ್ಲ ಅದರೊಳಗೆ ತಲೆಕೆಳಗಾಗಿ ಕಾಣುತ್ತದೆ: ಬಾಗಿಲು, ಬೆಂಚು, ಬೆಂಚಿನ ಮೇಲೆ ಅವನು. ಅವನ ಮುಖ ನನಗೆ ಗೊತ್ತಿದ್ದದ್ದು ಹಾಗೆ, ಸಾಸಿವೆಯಷ್ಟು ಚಿಕ್ಕದಾಗಿ, ಉಲ್ಟಾ, ಹನಿ ಬೀಳುವ ತನಕ. ಬಿದ್ದರೆ ಇನ್ನೊಂದು ಹನಿ. ಅದರಲ್ಲೂ ಅವನು.

ಅಂಥವನು ತಂದ ದೂರಿನಿಂದಲೇ ನನ್ನ ಕುರ್ಚಿ ಹೋಗುವುದರಲ್ಲಿತ್ತು.

ಆ ರಾತ್ರಿ ಮನೆಯಲ್ಲಿ ಊಟ ಸೇರಲಿಲ್ಲ. ಕಣ್ಣಿಗೇನಾದರೂ ಆಗಿದೆಯೇ ಎಂದು ಸೂಜಿಗೆ ದಾರ ಪೋಣಿಸಿ ನೋಡಿದೆ. ದಾರ ಸಲೀಸಾಗಿ ಹೋಯಿತು.

"ಅಮ್ಮ, ಆ ಗಡಿಯಾರ ಓರೆ ಇದೆಯಾ?"

"ನೆಟ್ಟಗೇ ಇದೆಯಲ್ಲೇ. ಏನಾಯ್ತು ನಿಂಗೆ?"

ನನ್ನ ಕಣ್ಣಿಗೂ ಅದು ನೆಟ್ಟಗೇ ಕಂಡಿತ್ತು. ಆದರೂ ಸಮಾಧಾನವಾಗಲಿಲ್ಲ. ಒಮ್ಮೆ ಕಣ್ಣಿನ ಮೇಲೆ ಅನುಮಾನ ಹುಟ್ಟಿದರೆ ಗೋಡೆಯೂ ಅಲುಗಾಡಿದಂತೆ ಕಾಣುತ್ತದೆ.

ಬೆಳಿಗ್ಗೆ ಅತ್ತೆಯ ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದೆ.

"ಓಹೋ! ಯಾರು ಬರ್ತಿದಾರಮ್ಮಾ ನಿನ್ನ ಉಗುರು ನೋಡೋಕೆ?"

"ಉಗುರಿಗಲ್ಲ ಅತ್ತೆ. ಬಟ್ಟಲಿಗೆ."

"ಬಟ್ಟಲಿಗೆ ಮದುವೆನಾ?"

ನಾನು ಹನಿ ಹೊಂದಿಸಿ, ನಟ್ ಬಿಗಿದು, ನಟ್ಟಿನ ಮೇಲಿಂದ ಮುಚ್ಚಳದವರೆಗೆ ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆ ಎಳೆದೆ. ನಟ್ ಚೂರು ಅಲುಗಿದರೂ ಗೆರೆ ಮುರಿಯುತ್ತದೆ. ಗೆರೆ ಕೂಡಿದ್ದೂ ಹನಿ ತಪ್ಪಿದ್ದರೆ ತಪ್ಪು ನನ್ನದೇ. ಹಾಗಾದರೆ ಯಾರೂ ಹೇಳುವ ಮುಂಚೆ ನಾನೇ ಎದ್ದು ಪ್ಯಾಕಿಂಗ್‌ಗೆ ಹೋಗುತ್ತೇನೆ ಎಂದುಕೊಂಡೆ. ಬಟ್ಟಲು ಮಿಲ್ಲಿಗೆ ಹೋಯಿತು.

ಕೆಲವು ದಿನಗಳ ನಂತರ ಬಾಗಿಲಲ್ಲಿ ಅವನ ನೆರಳು ಬಿತ್ತು. ಕೈಯಲ್ಲಿ ಬಟ್ಟಲು.

 ಅತ್ತೆ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನನ್ನೇ ನೋಡಿದಳು.

"ಹನಿ ಸ್ವಲ್ಪ ಜೋರಾಗಿ..." ಎಂದು ಅವನು ಶುರುಮಾಡಿದ.

ನಾನು ಬಟ್ಟಲನ್ನು ಕಸಿದುಕೊಂಡೇ ಬಿಟ್ಟೆ. ಗೆರೆ ಮುರಿದಿತ್ತು. ನಟ್ಟಿನ ಮೇಲಿನ ತುಂಡು ಒಂದು ಕಡೆಗೆ, ಮುಚ್ಚಳದ ಮೇಲಿನದು ಇನ್ನೊಂದು ಕಡೆಗೆ, ಜಗಳವಾಡಿ ಮುಖ ತಿರುಗಿಸಿಕೊಂಡವರ ಹಾಗೆ. ನಟ್ ಮುಟ್ಟಿದೆ. ಬಿಗಿಯಾಗಿತ್ತು. ಯಂತ್ರದ ಅದುರಿಗೆ ನಟ್ ಸಡಿಲವಾಗುವುದುಂಟು. ಸಡಿಲವಾದದ್ದು ತಾನಾಗಿ ಮತ್ತೆ ಬಿಗಿಯುವುದಿಲ್ಲ. ಯಾರೋ ತಿರುಗಿಸಿ, ಮತ್ತೆ ಬಿಗಿದಿದ್ದರು.

ನನ್ನ ಕಣ್ಣು ಸರಿ ಇತ್ತು. ಸಂತೋಷ ಬರಬೇಕಿತ್ತು, ಬರಲಿಲ್ಲ. ಬೇಕೆಂದೇ ನನ್ನ ಕೆಲಸ ಕೆಡಿಸುವಷ್ಟು ಹಗೆ ಯಾರಿಗೆ? ಬೀದಿಯಲ್ಲಿ ನನ್ನ ಹೆಸರು ಗೊತ್ತಿರುವವರೇ ಕಡಿಮೆ.

ಅವನು ಎಂದಿನಂತೆ ಮೇಜಿನ ಅಂಚಿಗೆ ಕೈಯಿಟ್ಟ. ನಾನು ಎಂದಿನಂತೆ ಆ ಕೈ ನೋಡಿದೆ.

ಹೆಬ್ಬೆರಳ ಉಗುರಿನ ಸಂದಿಯಲ್ಲಿ ಕೆಂಪು ಚೂರೊಂದು ಸಿಕ್ಕಿಕೊಂಡಿತ್ತು. ಅತ್ತೆಯ ನೇಲ್ ಪಾಲಿಶ್.

"ನೀವಾ?"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ.

"ನಿಮಗೆ ನನ್ನ ಮೇಲೆ ಏನು ದ್ವೇಷ?"

"ದ್ವೇಷನಾ?" ಎಂದ. "ಯಾರಿಗೆ? ನನಗಾ?"

"ನಾನೇನು ಮಾಡಿದ್ದೆ ನಿಮಗೆ? ಒಂದು ಮಾತೂ ಆಡಿಲ್ಲ."

"ಅದೇ ಕಷ್ಟ ಆಗಿದ್ದು," ಎಂದ ಮೆಲ್ಲಗೆ. ಬೆರಳು ಅಂಗಿಯ ಅಂಚನ್ನು ತಿರುಚುತ್ತಿತ್ತು. "ನಿಮ್ಮ ಬಟ್ಟಲು ಕೆಡೋದೇ ಇಲ್ಲ. ಕೆಡದೇ ಇದ್ರೆ ನಾನು ಏನಂತ ಇಲ್ಲಿಗೆ ಬರ್ಲಿ? ಯಂತ್ರದ ಮೇಲೆ ಒಂದೂ ತಪ್ಪಿಲ್ಲ. ಕೆಟ್ಟಿದೆ ಅಂತ ಮಿಲ್ಲಲ್ಲಿ ಹೇಳಿ ಬಿಚ್ಕೊಂಡು ಬಂದು, ಗೇಟು ದಾಟಿದ ಮೇಲೆ ರಸ್ತೆ ಬದಿ ನಿಂತು ನಾನೇ ತಿರುಗಿಸ್ತಿದ್ದೆ."

ಮಾತಿನ ಅರ್ಥ ನನಗೆ ತಟ್ಟನೆ ಸಿಗಲಿಲ್ಲ. ಸಿಕ್ಕಾಗ ಬಟ್ಟಲನ್ನು ಮೇಜಿನ ಮೇಲಿಟ್ಟುಬಿಟ್ಟೆ.  ನಾನು ಹನಿಯೊಳಗೆ ಅವನನ್ನು ಕದ್ದು ನೋಡುತ್ತಿದ್ದಾಗಲೆಲ್ಲ ಅವನು ಬಂದಿದ್ದದ್ದೇ ನನ್ನನ್ನು ನೋಡಲು!

ಒಂದು ಉಸಿರಿನಷ್ಟು ಹೊತ್ತು ಅದು ಲೋಕದಲ್ಲೇ ಚೆಂದದ ಸಂಗತಿಯಾಗಿತ್ತು. ಆಮೇಲೆ ಪ್ಯಾಕಿಂಗ್ ನೆನಪಾಯಿತು.

"ಇನ್ನೊಂದು ವಾಪಸ್ ಬಂದ್ರೆ ಯಜಮಾನ್ರು ನನ್ನನ್ನ ಇಲ್ಲಿಂದ ಎಬ್ಬಿಸ್ತೀನಿ ಅಂದಿದಾರೆ," ಎಂದೆ. "ಇಷ್ಟು ದಿನ ನನ್ನ ಕಣ್ಣನ್ನ ನಾನೇ ನಂಬಿಲ್ಲ. ಮನೆ ಗಡಿಯಾರ ನೆಟ್ಟಗಿದೆಯಾ ಅಂತ ಅಮ್ಮನ್ನ ಕೇಳಿದೀನಿ. ನನಗೆ ಬರೋದು ಇದೊಂದೇ. ಅದನ್ನ ನೀವು..."

ಮುಂದೆ ಬರಲಿಲ್ಲ. ಅಳು ಬಂತು.

ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಅವನ ಮುಖವನ್ನು ನಾನು ನೇರವಾಗಿ ನೋಡಿದ್ದು ಆಗಲೇ. ಅಷ್ಟು ದಿನ ಆಸೆಪಟ್ಟ ಮುಖವನ್ನು ಅಂಥ ಗಳಿಗೆಯಲ್ಲಿ ನೋಡುವಂತಾಯಿತಲ್ಲ ಎನಿಸಿತು.

ಅವನು ಕ್ಷಮಿಸಿ ಅನ್ನಲಿಲ್ಲ. ಬಟ್ಟಲು ಎತ್ತಿಕೊಂಡು ಸೀದಾ ಯಜಮಾನರ ಕೋಣೆಗೆ ನಡೆದ. ಬಾಗಿಲು ಹಾಕಲಿಲ್ಲ.

"ಸರ್, ಈ ಬಟ್ಟಲಲ್ಲಿ ತಪ್ಪಿಲ್ಲ. ಮೊದಲು ತಂದವುಗಳಲ್ಲೂ ಇರ್ಲಿಲ್ಲ. ನಟ್ ತಿರುಗಿಸಿದ್ದು ನಾನು."

"ಏನಂದೆ?"

"ನಾನೇ ಸರ್. ಬೇಕಂತಲೇ."

"ಯಾಕಪ್ಪಾ?"

ಹಿತ್ತಾಳೆ ಕಡೆಯುವ ಲೇತ್ ನಡೆಸುವ, ನಾವೆಲ್ಲ ಅಣ್ಣ ಅನ್ನುವವನು ಸ್ವಿಚ್ ಒತ್ತಿ ಯಂತ್ರ ನಿಲ್ಲಿಸಿದ. ಅಂಥ ಮಾತಿಗಾಗಿ ಅವನು ಊಟವನ್ನೂ ಬಿಡುತ್ತಾನೆ. 

"ಅವರನ್ನ ನೋಡೋಕೆ."

ನನಗೆ ಮೇಜಿನ ಕೆಳಗೆ ಇಳಿದುಹೋಗಬೇಕೆನಿಸಿತು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೈಗಳ ತುಂಬ ಗ್ರೀಸ್ ಇದ್ದದ್ದು ಅವಳಿಗೆ ನೆನಪಿರಲಿಲ್ಲ.

"ನೋಡೋಕೆ ನನ್ನ ಮಾಲಿನ ಹೆಸರು ಕೆಡಿಸ್ಬೇಕಾಗಿತ್ತಾ?" ಯಜಮಾನರು ಈಗ ನಿಜವಾಗಿ ಸಿಟ್ಟಾಗಿದ್ದರು. "ಬಾಗಿಲು ತೆಗೆದೇ ಇತ್ತಲ್ಲಯ್ಯಾ! ಬಂದು ನೇರ ಮಾತಾಡೋಕೆ ಏನಾಗಿತ್ತು?"

"ಧೈರ್ಯ ಇರ್ಲಿಲ್ಲ ಸರ್."

"ಈಗ ಎಲ್ಲಿಂದ ಬಂತು?"

"ಈಗ ಅವರ ಕೆಲಸ ಹೋಗ್ತಿದೆ."

 ಯಜಮಾನರು ಫೋನಿನ ಕಡೆ ಕೈ ಮಾಡಿದರು. "ನಿಮ್ಮ ಮ್ಯಾನೇಜರಿಗೆ ಹೇಳಲೇಬೇಕು. ನನ್ನ ಬಟ್ಟಲು ಸರಿ ಇಲ್ಲ ಅಂತ ಅವರು ಬೇರೆ ಅಂಗಡಿ ಹುಡುಕ್ತಿದಾರೆ. ನಿನ್ನ ಕೆಲಸಕ್ಕೆ ಸಂಚಕಾರ ಬಂದ್ರೆ ನಾನು ಜವಾಬ್ದಾರನಲ್ಲ."

"ಹೇಳಿ ಸರ್."

ಹೊರಗೆ ಹೋಗುವಾಗ ಅವನು ನನ್ನ ಕಡೆ ತಿರುಗಲಿಲ್ಲ. ನೋಡುವ ಹಕ್ಕು ಕಳೆದುಕೊಂಡವನ ಹಾಗೆ ತಲೆ ತಗ್ಗಿಸಿ ನಡೆದುಬಿಟ್ಟ.

"ನಿಂಗೂ ಅವನಿಗೂ ಎಣ್ಣೆ ಸೀಗೆಕಾಯಿ ಅಂದ್ಕೊಂಡಿದ್ನಲ್ಲೇ," ಎಂದಳು ಅತ್ತೆ, ಮೀಸೆ ಬಂದಂಥ ಗ್ರೀಸ್ ಮುಖದಲ್ಲಿ. "ನೋಡಿದ್ರೆ ಎಣ್ಣೆ ಬತ್ತಿ!"

ನನಗೆ ನಗು ಬರಲಿಲ್ಲ.

ಕುರ್ಚಿ ಉಳಿಯಿತು. "ಕೂತ್ಕೋಮ್ಮಾ ನಿನ್ನ ಜಾಗದಲ್ಲಿ," ಎಂದು ಯಜಮಾನರೇ ಬಂದು ಹೇಳಿದರು. ನನ್ನ ಕಣ್ಣು ನನಗೆ ವಾಪಸ್ ಸಿಕ್ಕಿತು. ನಟ್ ಬಿಗಿದರೆ ಬಿಗಿಯಾಯಿತು ಎಂದು ಮತ್ತೆ ನಂಬತೊಡಗಿದೆ. ಮಿಲ್ಲಿನಿಂದ ಬಟ್ಟಲು ವಾಪಸ್ ಬರುವುದು ನಿಂತೇಹೋಯಿತು.

ಅವನೂ ಬರಲಿಲ್ಲ. ಕೆಲಸದಿಂದ ತೆಗೆದಿಲ್ಲವಂತೆ, ಆದರೆ ಹೊರಗಿನ ಓಡಾಟ ಪೂರ್ತಿ ಬಂದ್ ಮಾಡಿದ್ದಾರಂತೆ. ಲಾರಿ ಡ್ರೈವರ್ ತಂದ ಸುದ್ದಿ. ಕಾಗದ ಒಣಗಿಸುವ ಶೆಡ್ಡಿನ ಕೊನೆಯ ಯಂತ್ರಗಳ ಹತ್ತಿರ, ಬಿಸಿ ಹಬೆಯಲ್ಲಿ ಹಾಕಿದ್ದಾರಂತೆ.

ನಾನು ಬಗ್ಗಿ ಹನಿ ನೋಡುತ್ತಿದ್ದೆ. ಹನಿಯೊಳಗೆ ಖಾಲಿ ಬೆಂಚು ತಲೆಕೆಳಗಾಗಿ ತೂಗುತ್ತಿತ್ತು.

ಸಿಟ್ಟಿತ್ತು. ಅದನ್ನು ನಾನು ಜೋಪಾನ ಮಾಡಿಯೇ ಇಟ್ಟುಕೊಂಡೆ. ಆದರೆ ಸಿಟ್ಟೂ ಎಣ್ಣೆಯ ಹಾಗೆ, ಗೊತ್ತಾಗದಂತೆ ಇಳಿಯುತ್ತದೆ. ಇಳಿದಂತೆಲ್ಲ ತಳದಲ್ಲಿ ಏನಿದೆ ಎಂಬುದು ಕಾಣತೊಡಗಿತು. ಎಲ್ಲರ ಮುಂದೆ, ಲೇತ್ ನಿಲ್ಲಿಸಿ ಕೇಳುತ್ತಿದ್ದವರ ಮುಂದೆ, ಅವನು ಆ ಮಾತು ಹೇಳಿಬಿಟ್ಟಿದ್ದ. ನಾನು ಯಾರ ಮುಂದೆಯೂ ಏನೂ ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ನನ್ನ ಅಳು ಮಾತ್ರ.

"ಹೋಗಿ ಬಾ," ಎಂದಳು ಅತ್ತೆ ಒಂದು ಮಧ್ಯಾಹ್ನ, ನಾನು ಬಾಯಿಬಿಡುವ ಮುಂಚೆಯೇ.

"ಏನಂತ ಹೋಗ್ಲಿ?"

"ಒಂದು ಬಟ್ಟಲು ಹಿಡ್ಕೊಂಡು ಹೋಗು. ಸರಿ ಕೂರುತ್ತಾ ನೋಡೋಕೆ ಬಂದೆ ಅನ್ನು. ಅಷ್ಟೂ ಗೊತ್ತಿಲ್ವಾ? ಅವನಿಗಿಂತ ನೀನು ದಡ್ಡಿ."

ಬಟ್ಟಲು ತೆಗೆದುಕೊಂಡೆ. ಬಾಗಿಲ ತನಕ ಹೋದೆ. ಕೈಯಲ್ಲಿ ಅದು ಭಾರವೆನಿಸಿತು. ಮತ್ತೆ ಒಂದು ಸುಳ್ಳು, ಮತ್ತೆ ಒಂದು ಬಟ್ಟಲಿನ ಮೇಲೆ. ಹಿಂದಿರುಗಿ ಅದನ್ನು ಮೇಜಿನ ಮೇಲಿಟ್ಟು ಬರಿಗೈಯಲ್ಲಿ ರಸ್ತೆ ದಾಟಿದೆ.

ಮಿಲ್ಲಿನ ಗೇಟು ದೂರದಿಂದ ಕಂಡದ್ದಕ್ಕಿಂತ ಎತ್ತರವಿತ್ತು. ಊಟದ ಬಿಡುವು, ಒಳಗೆ ಮರದ ಕೆಳಗೆ ಕೆಲಸಗಾರರು ಗುಂಪಾಗಿ ಕೂತಿದ್ದರು. ಎಲ್ಲರೂ ನನ್ನನ್ನೇ ನೋಡಿದಂತಾಯಿತು.

"ಯಾರು ಬೇಕಮ್ಮಾ?" ಎಂದ ಕಾವಲಿನವನು.

ತರಗತಿಯಲ್ಲಿ ಎದ್ದು ನಿಂತ ಹಾಗೆಯೇ ಆಯಿತು.  ಓಡಿಹೋಗುವವಳಿದ್ದೆ.

"ಎಣ್ಣೆಯವರು," ಎಂದೆ.

ಕಾವಲಿನವನು ಒಳಗೆ ಕೂಗಿ ಹೇಳಿದ. ಕೂಗು ಬಾಯಿಂದ ಬಾಯಿಗೆ ದಾಟಿ ಒಣಗಿಸುವ ಶೆಡ್ಡಿನ ತನಕ ಹೋಯಿತು. ಹಬೆಗೆ ಕೆಂಪಾದ ಮುಖ ಹೊತ್ತು, ಕೈಯಲ್ಲಿ ಕ್ಯಾನ್ ಹಿಡಿದೇ ಅವನು ಓಡಿಬಂದ. ನನ್ನನ್ನು ಕಂಡವನೇ ಗೋಡೆಗೆ ಢಿಕ್ಕಿ ಹೊಡೆದವನಂತೆ ನಿಂತುಬಿಟ್ಟ.

"ಬಟ್ಟಲು... ಬಟ್ಟಲಿಗೆ ಏನಾದ್ರೂ ಆಯ್ತಾ?"

"ಇಲ್ಲ."

"ಯಜಮಾನ್ರು ಕಳಿಸಿದ್ರಾ?"

"ಇಲ್ಲ."

"ಕೆಲಸ ಹೋಯ್ತಾ? ನಾನು ಬಂದು ಮತ್ತೆ ಹೇಳ್ತೀನಿ, ಈಗಲೇ..."

"ಕೆಲಸ ಇದೆ. ಹನಿ ಎಲ್ಲಾ ಸರಿ ಇದೆ."

"ಮತ್ತೆ?" ಅವನ ದನಿ ಪಿಸುಮಾತಿಗಿಂತ ಚಿಕ್ಕದಾಗಿತ್ತು. "ಮತ್ತೆ ಯಾಕೆ ಬಂದ್ರಿ?"

ನಾನು ತಲೆ ಎತ್ತಿದೆ.

"ಸುಮ್ನೆ," ಎಂದೆ. "ನಿಮ್ಮನ್ನ ನೋಡೋಕೆ."

ಮರದ ಕೆಳಗಿನ ಮಾತೆಲ್ಲ ನಿಂತುಹೋಯಿತು.   ಒಂದು ಹನಿ ಎಣ್ಣೆಯನ್ನೂ ಎಲ್ಲೂ ಚೆಲ್ಲಿ ಗೊತ್ತಿಲ್ಲದ ಆ ಕೈ ಮೆಲ್ಲಗೆ ಓರೆಯಾಯಿತು.

"ಏ ಮಾರಾಯಾ, ಕ್ಯಾನ್ ನೆಟ್ಟಗೆ ಹಿಡ್ಕೊಳ್ಳೋ!" ಕಾವಲಿನವನು ಕೂಗಿದ. "ಬೂಟಿಗೆ ಯಾಕೆ ಎಣ್ಣೆ ಕುಡಿಸ್ತೀಯಾ?"

ನಾವಿಬ್ಬರೂ ಕೆಳಗೆ ನೋಡಲಿಲ್ಲ.