ಹೊನ್ನವ್ವನ ಕೊನೆಯ ಪಾಯಿಂಟ್

"ಅಲ್ಲೇ ನಿಲ್ರಿ! ಒಳಗ ಒಂದು ಹೆಜ್ಜಿ ಇಟ್ರ ಹುಷಾರ್!"

ಬೇನಜೀರಳ ಕತ್ತಿ ದಿಲಾವರನ ಎದೆಗೆ ಒತ್ತಿ ನಿಂತಿತ್ತು. ಫೆನ್ಸಿಂಗ್ ಕತ್ತಿ, ತುದಿ ಮೊಂಡು, ಚುಚ್ಚುವುದಿಲ್ಲ. ಆದರೆ ಅವಳ ಕಣ್ಣು...!

ಅವನು ಹಿಂದೆ ಸರಿಯಲಿಲ್ಲ. ಹದಿನೈದು ದಿನದ ಹಿಂದೆ ಇದೇ ಹುಡುಗಿ ಅವನೊಂದಿಗಿನ ಮದುವೆ ಮಾತನ್ನು ಮುರಿದಿದ್ದಳು. ಅವಳಿಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ, ಬಿಡಿ. ಈ ಸಲ ಕಾರಣವೂ ಇತ್ತು.

ಬ್ಯಾಡಗಿಯ ಈ ಹಳೇ ಗೋದಾಮಿನಲ್ಲಿ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಮಕ್ಕಳಿಗೆ ಬೇನಜೀರ ನಾಲ್ಕು ವರ್ಷದಿಂದ ಫೆನ್ಸಿಂಗ್ ಕಲಿಸುತ್ತಿದ್ದಳು. ಅವರಲ್ಲಿ ಹದಿನಾಲ್ಕರ ಹೊನ್ನವ್ವ ಎಂದರೆ ಅವಳಿಗೆ ಜೀವ. ಹಾವೇರಿಯ ಆಯ್ಕೆ ಪಂದ್ಯ ಗೆದ್ದರೆ ಹುಡುಗಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಓದು. ಸೋತರೆ ಅವ್ವನ ಜೊತೆ ಮೆಣಸಿನಕಾಯಿ ರಾಶಿ.

ಆಟ ನಾಲ್ಕು-ನಾಲ್ಕಕ್ಕೆ ಬಂದು ನಿಂತಿತ್ತು. ಕೊನೆಯ ಪಾಯಿಂಟ್ ನೋಡಲಾಗದೆ ಬೇನಜೀರ ಕಣ್ಣು ಮುಚ್ಚಿ ದುವಾ ಮಾಡಿದಳು. ಕಣ್ಣು ತೆರೆದಾಗ ರೆಫರಿ ದಿಲಾವರನ ಕೈ ರಾಣೆಬೆನ್ನೂರಿನ ಹುಡುಗಿಯ ಕಡೆಗಿತ್ತು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇವತ್ತಿಂದ ಹೊನ್ನಿ ಕೆಲಸಕ್ಕ ಹೊಂಟ್ಳು. ಖುಷಿ ಆತೇನ್ರಿ?" ಬೇನಜೀರ ಕತ್ತಿಯನ್ನು ಇನ್ನಷ್ಟು ಒತ್ತಿದಳು.

"ಅಕಿನ್ನ ಈಗ ನೋಡಿ ಬಂದೇನಿ." ದಿಲಾವರ ತಡೆದು ತಡೆದು ಹೇಳಿದ. "ಆ ಪಾಯಿಂಟ್ ನಾ ನೋಡಿದ್ದಿಲ್ಲ ಬೇನಜೀರ. ಯಾರೂ ನೋಡಿದ್ದಿಲ್ಲ. ಹೊನ್ನವ್ವ ತಾನಾಗೇ ಕೈ ಎತ್ತಿ, 'ನನಗ ತಾಗೇತ್ರಿ' ಅಂದ್ಳು."

ಕತ್ತಿ ಕೆಳಗಿಳಿಯಿತು.

ಗೋದಾಮಿನಲ್ಲಿ ಪಾಯಿಂಟ್ ತೋರಿಸುವ ಮಷೀನು ಇರಲಿಲ್ಲ. ಅಂದು ಹಾವೇರಿಯಲ್ಲೂ ಇರಲಿಲ್ಲ. ಕತ್ತಿ ತಾಗಿದವರು ಯಾರೂ ನೋಡದಿದ್ದರೂ ತಾವೇ ಕೈ ಎತ್ತಬೇಕು... ಇದು ಇಲ್ಲಿನ ಮೊದಲ ಪಾಠ. ಕಲಿಸಿದವಳು ಬೇನಜೀರ.

'ಯಾ ಅಲ್ಲಾ... ಅಕಿ ಬಾಳೇವು ಕಸ್ಕೊಂಡಾಕಿ ನಾನೇ!'

"ಆವತ್ತೇ ಯಾಕ ಹೇಳಲಿಲ್ರಿ?"

"'ಟೀಚರ್ ತಮ್ಮನ್ನ ತಾವೇ ಬೈಕೋತಾರ, ಹೇಳಬ್ಯಾಡ್ರಿ' ಅಂತ ಆಣಿ ಹಾಕಿದ್ಳು. ನೀ ನನ್ನ ಮ್ಯಾಲ ಸಿಟ್ಟಾಗೀದಿ ಅನ್ನೂದು ತಡಕೊಳ್ಳಾಕ ಆಗದ, ಇವತ್ತು ಅಕೀನ 'ಹೇಳ್ರಿ' ಅಂದ್ಳು."

ಬೇನಜೀರ ಕತ್ತಿ ಬದಿಗಿಟ್ಟು ನೆಲದ ಮೇಲೆ ಕೂತಳು. "ಹಂಗಾದ್ರ ನಾ ಅಕಿಗೆ ಸುಳ್ಳು ಕಲಸಬೇಕಿತ್ತೇನ್ರಿ?"

ಮುಂದಿನ ವರ್ಷಕ್ಕೆ ಹೊನ್ನವ್ವನಿಗೆ ಹಾಸ್ಟೆಲ್ ಸೇರುವ ವಯಸ್ಸು ಮೀರುತ್ತದೆ. 'ಹೊನ್ನಿಗೇ ಸಿಗದ್ದು ನಮಗೇನು ಸಿಕ್ಕೀತು' ಎಂದು ಉಳಿದ ಮಕ್ಕಳೂ ಬರುವುದನ್ನು ಬಿಟ್ಟಿದ್ದರು.

"ನಿಮಗ ಎಷ್ಟು ಅಂದೆ ನಾನು..." ಅವಳು ಬಿಕ್ಕಿದಳು. "ಜೀವ ನಿಮ್ಮ ಮ್ಯಾಲೇ ಇಟ್ಕೊಂಡು ಅಂದೆ."

"ನನ್ನ ಜೀವಾನೂ ಇಲ್ಲೇ ಐತಿ. ಬಿಟ್ಟು ಎಲ್ಲಿ ಹೋಗ್ಲಿ?"

"ಇನ್ನ ಮ್ಯಾಲ ಇಲ್ಲಿ ಯಾರೂ ಬರೂದಿಲ್ರಿ."

"ನಾ ಬರ್ತೇನಿ."

"ನಿಮಗ ಕಲಸಾಕ ನನ್ನ ಹತ್ರ ಏನೂ ಉಳಿದಿಲ್ಲ."

"ಹಂಗಾರ ಸುಮ್ನ ಕುಂದ್ರೂಣು."

ಬೇನಜೀರ ಕಣ್ಣೊರೆಸಿಕೊಂಡು, ಪಕ್ಕಕ್ಕೆ ಸರಿದು ಅವನಿಗೆ ಜಾಗ ಬಿಟ್ಟಳು.

"ಬರ್ರಿ... ಕುಂದ್ರಿ."