ನಾಲ್ಕು ಸಲ ಸತ್ತವನು

ಚಾಕು ನನ್ನ ಗಂಟಲಿಗೆ ತಾಗಿತ್ತು.

ಅದನ್ನು ಹಿಡಿದಿದ್ದ ಯೋಗೇಶ್ ಇನ್ನೊಂದು ಕೈಯಲ್ಲಿ ಮೀಸೆ ಬರೆದುಕೊಳ್ಳುತ್ತಿದ್ದ... ಗೆರೆ ಒಂದಿಷ್ಟೂ ಸೊಟ್ಟಗಾಗಲಿಲ್ಲ. ಹಾಳಾದವನು!

"ಹಗ್ಗ ಬಿಗಿಯಾಯ್ತಾ ಗೌಸ್ ಭಾಯ್? ಅತುಲ್, ಸ್ವಲ್ಪ ಸಡಿಲ ಮಾಡೋ ಮಾರಾಯ."

ಭಾನುವಾರ ಮಧ್ಯಾಹ್ನ. ಭದ್ರಾವತಿಯ ಒಂದು ಸಭಾಭವನ. ರಂಗದ ಪಕ್ಕ, ಪರದೆಯ ಮರೆಯಲ್ಲಿ ನನ್ನನ್ನು ಕಂಬಕ್ಕೆ ಕಟ್ಟಿದ್ದರು.

ಕಳೆದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಈ ಸಲದ್ದು ನರ್ಸ್ ಹುಡುಗಿ ಇರಂಳ ಪಾಸ್‌ಪೋರ್ಟ್. ನಾಳೆ ಅವಳ ದುಬೈ ಫ್ಲೈಟ್. ಟ್ರಾವೆಲ್ ಏಜೆಂಟ್ ಎಂದು ಹೇಳಿಕೊಂಡು ಯೋಗೇಶ್ ಅವಳ ತಾಯಿ ಸರ್ವರ್ ಬೀ ಕೈಯಿಂದ ಅದನ್ನು ಹಾರಿಸಿದ್ದ. ಪಾಸ್‌ಪೋರ್ಟ್ ಮಾರುವುದೇ ಅವನ ದಂಧೆ. ಈಗ ಅದು ಅವನ ಕೋಟಿನ ಜೇಬಿನಲ್ಲಿತ್ತು.

"ನಾಟಕ ಮುಗಿದ ಕೂಡ್ಲೇ ಹೊರಡೋಣ. ನಿಮ್ಮನ್ನ ಚಾನಲ್‌ಗೆ ಇಳಿಸಿ ನಾವು ಮುಂದಕ್ಕೆ."

ಚಾನಲ್ ಅಂದರೆ ಭದ್ರಾ ಕಾಲುವೆ. ನನಗೆ ಈಜು ಬರುವುದಿಲ್ಲ.

ಒಳಗೆ ನುಗ್ಗುವ ಮೊದಲೇ ಶಿವಮೊಗ್ಗದ ಇನ್‌ಸ್ಪೆಕ್ಟರ್ ಪ್ರಿಯದರ್ಶಿನಿಗೆ ಫೋನ್ ಮಾಡಿದ್ದೆ. ಅವರು ಬರುವಷ್ಟರಲ್ಲಿ ನಾಟಕ ಮುಗಿದಿರುತ್ತಿತ್ತು...

ಯೋಗೇಶ್ ಚಾಕುವನ್ನು ತನ್ನ ಚೇಲಾ ಅತುಲ್ ಕೈಗೆ ಕೊಟ್ಟು ರಂಗಕ್ಕೆ ಹೋದ.

"ಸಹಾಯಕ್ಕೆ ಕರೆದ್ರೆ ಚುಚ್ಚಿಬಿಡ್ತೀನಿ," ಅತುಲ್ ಪಿಸುಗುಟ್ಟಿದ.

ಯೋಗೇಶನದು ಖಳನಾಯಕನ ಪಾತ್ರ. ನಾಯಕ ಬಂದಾಗ ಜನ ಕೆಮ್ಮಿದರು. ಇವನು ನಕ್ಕರೆ ಶಿಳ್ಳೆ! ನಗಬೇಡಿ ಸ್ವಾಮಿ, ನಾನೂ ಮೈಮರೆತು ನೋಡಿದೆ. ಕೊನೆಗೆ ಗುಂಡು ತಿಂದು, ಹಾಡುತ್ತಾ ತೂರಾಡಿ, ಸತ್ತು ಬಿದ್ದ. ಅತುಲ್ ಕಣ್ಣೊರೆಸಿಕೊಂಡ.

ಆಗ ಹೊಳೆಯಿತು.

ನಮ್ಮ ನಾಟಕಗಳಲ್ಲಿ ಜನ ಕೇಳಿದರೆ ಸತ್ತವನೂ ಎದ್ದು ಮತ್ತೆ ಹಾಡಬೇಕು. ಆಗಲ್ಲ ಎನ್ನುವ ನಟ ಇನ್ನೂ ಹುಟ್ಟಿಲ್ಲ.

"ಒನ್ಸ್ ಮೋರ್!" ಅರಚಿದೆ.

ಅತುಲ್ ತಿರುಗಿದ. ಚುಚ್ಚಲಿಲ್ಲ... ತಾನೂ ಕೂಗಿದ. ಇಡೀ ಹಾಲ್ ಕೂಗಿತು. ಹೆಣ ಎದ್ದು ಕೈಮುಗಿಯಿತು, ಹಾಡಿತು, ಸತ್ತಿತು. ನಾನು ಮತ್ತೆ ಅರಚಿದೆ. ಯೋಗೇಶ್ ಒಮ್ಮೆ ನನ್ನತ್ತ ನೋಡಿದ. ನನ್ನ ಲೆಕ್ಕಾಚಾರ ಅವನಿಗೆ ಅರ್ಥವಾಗಿತ್ತು.

ಆದರೂ ಎದ್ದ.

ನಾಲ್ಕನೇ ಸಲ ಬಿದ್ದದ್ದು ಪ್ರಿಯದರ್ಶಿನಿಯ ಬೂಟಿನ ಹತ್ತಿರ.

"ಸಾಕು, ಏಳಪ್ಪ."

ಬೇಡಿ ಬಿತ್ತು. ಅವನ ಜೇಬಿನ ಪಾಸ್‌ಪೋರ್ಟ್ ನನ್ನ ಕೈಗೆ ಬಂತು. ಜನ ಪೊಲೀಸರನ್ನೇ ಬೈದರು.

ಸಂಜೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದ ತಾಯಿ-ಮಗಳ ಮನೆಗೆ ಹೋಗಿ ಅದನ್ನು ಕೊಟ್ಟೆ. ಇರಂ ಅತ್ತೇಬಿಟ್ಟಳು. ಸರ್ವರ್ ಬೀ ಅದನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಪಾಪ, ಲಾಕಪ್‌ನಲ್ಲಿ ಆ ಹುಡುಗನಿಗೆ ಊಟ ಗೀಟ ಕೊಡ್ತಾರಾ? ಎಷ್ಟು ಚೆನ್ನಾಗಿ ಮಾತಾಡ್ತಿದ್ದ."

ನಾನು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ... ಅದನ್ನು ಯಾರೂ ಕೇಳಲಿಲ್ಲ.