ಕುಂಟು ಕಡವೆ ಮತ್ತು ಎರಡು ಬಗೆಯ ತೋಟಾ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ನೀಲಗಂಬವೆಂಬ ರಾಜ್ಯವಿತ್ತು. ಅಲ್ಲಿಯ ರಾಜಕುಮಾರ ಇರುಂಗನಿಗೆ ಬೇಟೆಯೆಂದರೆ ಪ್ರಾಣ. ಅವನ ಸೊಂಟದ ಚೀಲದಲ್ಲಿ ಕೋವಿಗೆ ತುಂಬುವ ಎರಡು ಬಗೆಯ ತೋಟಾ ಇರುತ್ತಿದ್ದವು. ಚೂಪುಗುಂಡಿನದು ದೂರಕ್ಕೆ. ಅದು ಕಣಿವೆ ದಾಟಿಯೂ ನೆಟ್ಟಗೆ ಹೋಗುತ್ತದೆ, ಆದರೆ ನಡುವೆ ಬಿದಿರುಕಡ್ಡಿ ಸಿಕ್ಕರೂ ದಾರಿ ತಪ್ಪುತ್ತದೆ. ದಪ್ಪ ಸೀಸದ್ದು ಹತ್ತಿರಕ್ಕೆ. ಅದು ಪೊದೆ ಸೀಳಿ ಎಲುಬು ಮುರಿದು ಒಳಗಿಳಿಯುತ್ತದೆ, ಆದರೆ ದೂರ ಹೋದಂತೆ ಕೆಳಕ್ಕೆ ಬಾಗುತ್ತದೆ.

ಇದೆಲ್ಲ ಇರುಂಗನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನ ಗೆಳೆಯರೆದುರು ಜಂಬ ಕೊಚ್ಚಿಕೊಂಡು, ದೊಡ್ಡ ಕಡವೆಗೆ ದೊಡ್ಡ ಗುಂಡೇ ಬೇಕೆಂದು, ದಪ್ಪ ತೋಟಾವನ್ನೇ ಕಣಿವೆಯಾಚೆಗೆ ಹಾರಿಸಿದ. ಗುಂಡು ಬಾಗಿ ಕಡವೆಯ ಕಾಲು ಮುರಿಯಿತು. ಅದು ಕುಂಟುತ್ತ ಕಾಡು ಸೇರಿತು. ಈ ಮಹಾರಾಯ ಅದರ ಜಾಡು ಹಿಡಿದು ಹೋದನೇ? ಇಲ್ಲ, ಊಟಕ್ಕೆ ಹೊತ್ತಾಯಿತೆಂದು ಅರಮನೆಗೆ ಬಂದ.

ಮರುದಿನ ಅವನ ತಂಗಿ ಪದ್ಮಲೆಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕಾಲು ಮುರಿದಂಥ ನೋವು. ಆಗ ಅಡುಗೆಮನೆಯ ಹೊಗೆಯಿಂದ ಹೊಗೆಮುನಿಯೆಂಬ ಮಾಂತ್ರಿಕ ಎದ್ದು ಬಂದ. ಗಾಯಗೊಂಡ ಪ್ರಾಣಿಗಳ ನರಳಾಟವೇ ಅವನ ಆಹಾರ.

“ಕಡವೆಯ ನೋವೆಲ್ಲ ಇನ್ನು ನಿನ್ನ ತಂಗಿಯದು,” ಎಂದ ಅವನು. “ಅದರ ಗಾಯ ಮಾಯುವುದಿಲ್ಲ, ಅದು ತಾನಾಗಿ ಸಾಯುವುದೂ ಇಲ್ಲ. ನೀನೇ ಒಂದೇ ಗುಂಡಿಗೆ, ಅದಕ್ಕೆ ನೋವೇ ತಿಳಿಯದಂತೆ ಮುಗಿಸಿದರೆ ಇವಳಿಗೆ ಬಿಡುಗಡೆ. ಗುರಿ ಕೆಟ್ಟರೆ ಆ ಗಾಯವೂ ಇವಳಿಗೇ. ನನಗಂತೂ ಹಬ್ಬ!”

ಕಡವೆ ಯಾವ ದಿಕ್ಕಿನಲ್ಲಿದೆಯೆಂಬುದು ಪದ್ಮಲೆಯ ನೋವಿಗೆ ಮಾತ್ರ ತಿಳಿಯುತ್ತಿತ್ತು. ಇರುಂಗ ಅವಳನ್ನು ಬೆನ್ನಿಗೆ ಹೊತ್ತು ಕಾಡಿಗೆ ಹೊರಟ.

ಮೊದಲು ಕಡವೆ ಕಣಿವೆಯಾಚೆ ಕಾಣಿಸಿತು. ಇರುಂಗ ಚೂಪುಗುಂಡಿನ ತೋಟಾ ತುಂಬಿದ, ಆ ದೂರಕ್ಕೆ ಅದೇ ಸರಿ. ಹಿಂದೆಯೇ ಬಂದಿದ್ದ ಹೊಗೆಮುನಿ ಬಾಯಿಂದ ಊದಿದ. ಬಿರುಗಾಳಿ ಎದ್ದಿತು. ಇರುಂಗ ತೋಟಾ ಹೊರತೆಗೆದ.

“ಹೊಡಿ ಅಣ್ಣ, ತಡೆಯೋಕಾಗ್ತಿಲ್ಲ.”

“ಗಾಳಿ ಗುಂಡನ್ನ ತಳ್ಳಿಬಿಡುತ್ತೆ ಕಣಮ್ಮ. ಹೊಟ್ಟೆಗೆ ಬಿದ್ದರೆ ಏನು ಗತಿ?”

ಆಮೇಲೆ ಕಡವೆ ಒಂದು ಹೊಲದಗಲ ದೂರದಲ್ಲಿ, ಬಿದಿರುಮೆಳೆಯ ಹಿಂದೆ ಸಿಕ್ಕಿತು. ಇರುಂಗ ದಪ್ಪ ತೋಟಾ ತುಂಬಿದ. ಹೊಗೆಮುನಿ ಚಿಟಿಕೆ ಹೊಡೆದ. ಒಂದು ಕಡವೆ ಮೂರಾಯಿತು, ಮೂರೂ ಕುಂಟುತ್ತಿದ್ದವು. ಇರುಂಗ ಮತ್ತೆ ತೋಟಾ ಹೊರತೆಗೆದ. ಪದ್ಮಲೆ ಅಳುತ್ತ ಅವನ ಬೆನ್ನಿಗೆ ಗುದ್ದಿದಳು.

“ನಿಂಗೆ ಧೈರ್ಯ ಇಲ್ಲ!”

“ಇಲ್ಲ ಪುಟ್ಟಿ. ಅವತ್ತು ಇದ್ದ ಧೈರ್ಯ ಈಗಿಲ್ಲ.”

ಮೂರನೆಯ ಸಲ ಕಡವೆ ಹೊಂಡದಲ್ಲಿ ನೀರು ಕುಡಿಯುತ್ತಿತ್ತು. ಇರುಂಗ ತಂಗಿಯನ್ನು ಮರದ ಹಿಂದೆ ಕೂರಿಸಿ, ದಪ್ಪ ತೋಟಾ ತುಂಬಿ, ಕೆಸರಿನಲ್ಲಿ ತೆವಳತೊಡಗಿದ. ಹೊಗೆಮುನಿ ಕಿವಿಯಲ್ಲಿ ಪಿಸುಗುಟ್ಟಿದ: “ಇನ್ನೂ ಹತ್ತಿರ ಹೋದರೆ ಬೆದರಿ ಓಡುತ್ತದೆ. ಚೂಪುಗುಂಡು ತುಂಬಿ ಇಲ್ಲಿಂದಲೇ ಹೊಡಿ. ರಾಜಕುಮಾರನಿಗೆ ಕೆಸರೇ?” ಇರುಂಗ ಕಿವಿಗೊಡಲಿಲ್ಲ. ಕಡವೆಯ ಉಸಿರು ಕೇಳುವಷ್ಟು ಹತ್ತಿರ ಹೋದ. ಗಾಳಿಗೆ ತಳ್ಳಲು ಜಾಗವಿರಲಿಲ್ಲ, ಮಾಯೆಗೆ ಮೋಸ ಮಾಡಲೂ ಜಾಗವಿರಲಿಲ್ಲ. ಕಿವಿಯ ಬುಡಕ್ಕೆ ಗುರಿಯಿಟ್ಟು ಕೋವಿಯ ಕುದುರೆ ಎಳೆದ.

ಕಡವೆ ಕುಡಿಯುತ್ತಿದ್ದ ನೀರು ಬಾಯಲ್ಲಿರುವಾಗಲೇ ಕುಸಿಯಿತು. ಹೊಗೆಮುನಿ ನರಳಾಟಕ್ಕಾಗಿ ಬಾಯಿ ತೆರೆದುಕೊಂಡು ನಿಂತ. ನರಳಾಟ ಬರಲೇ ಇಲ್ಲ. ತೆರೆದ ಬಾಯಿ ತೆರೆದಂತೆಯೇ ಅವನು ಸೊರಗಿ, ತೆಳ್ಳಗಾಗಿ, ಇಲ್ಲವಾದ.

ಇರುಂಗನಿಗೆ ಅದಾವುದೂ ಕಾಣಲಿಲ್ಲ. ಕಡವೆಯ ಕುತ್ತಿಗೆಯ ಮೇಲೆ ಕೈಯಿಟ್ಟು, “ತಪ್ಪಾಯಿತು,” ಎಂದು ಬಿಕ್ಕಿ ಬಿಕ್ಕಿ ಅತ್ತ. ಹಿಂದಿನಿಂದ ಪದ್ಮಲೆಯ ದನಿ ಕೇಳಿತು.

“ಸದ್ದು ಕೇಳಿಸ್ತು. ಗುರಿ ತಪ್ಪಿತಾ ಅಣ್ಣ? ನಂಗೇನೂ ಗೊತ್ತೇ ಆಗಲಿಲ್ಲ.”

ತಿರುಗಿ ನೋಡಿದರೆ ಅವಳು ಲಂಗ ಎತ್ತಿಕೊಂಡು ಕೆಸರಿನಲ್ಲಿ ನಡೆದುಬರುತ್ತಿದ್ದಳು. ಅಣ್ಣ ತಂಗಿ ಕೈಹಿಡಿದು ಮನೆಗೆ ಹೋದರು. ನೀಲಗಂಬದಲ್ಲಿ ಎಲ್ಲರೂ ಸುಖವಾಗಿ ಬಾಳಿದರು, ಕಡವೆಗಳೂ ಮೊದಲಿಗಿಂತ ನೆಮ್ಮದಿಯಾಗಿ ಮೇಯ್ದುಕೊಂಡಿದ್ದವು.